ಹಸಿರು ಬಳಿದ ಇಂಜಿನ್ನು

ಗೂಡು ಬೇಯಿಸಿ ರೇಷ್ಮೆ ನೂಲು ತೆಗೆಯುವ ಖಲಂದರನ ಚರಕದ ಮನೆಯಲ್ಲಿ ಹಾಜಿರಾ ಕೂರುತ್ತಿದ್ದ ಜಾಗ ಬಾಗಿಲಿಗೆ ಬೆನ್ನು ಮಾಡಿತ್ತು. ಆ ಜಾಗವನ್ನು ಆರಿಸಿಕೊಂಡವಳು ಅವಳೇ. ಬಾಗಿಲಲ್ಲಿ ನಿಂತವರ ಮುಖ ಕಾಣದಿದ್ದರೆ ಅವರ ಮಾತನ್ನು ಗಾಳಿಯ ಪಾಲಿಗೆ ಬಿಡಬಹುದು. ಮಾರುಕಟ್ಟೆಯಿಂದ ಗೂಡಿನ ಮೂಟೆ ಹೊತ್ತು ಬಂದ ಯಾವನಾದರೂ ಹೊಸಬ, “ಆ ಹೆಂಗ್ಸು ಯಾರು, ತಲೇನೇ ಎತ್ತೋದಿಲ್ವಲ್ಲ?” ಎಂದು ಕೇಳಿದರೆ ಹಳಬರು ದನಿ ತಗ್ಗಿಸಿ ಉತ್ತರ ಕೊಡುತ್ತಿದ್ದರು. ತಗ್ಗಿಸಿದ ದನಿ ಕೂಗಿಗಿಂತ ದೂರ ಹೋಗುತ್ತದೆ.

“ಇಂಜಿನ್ ಕದ್ದನಲ್ಲ ಮಕ್ಬೂಲು, ಅವನ ಹೆಂಡ್ತಿ.”

ಹಾಜಿರಾ ಬಿಸಿನೀರಿನ ಬೋಗುಣಿಯಲ್ಲಿ ಕೈಯಿಟ್ಟು, ತೇಲುವ ಗೂಡುಗಳ ನಡುವೆ ಎಳೆಯ ತುದಿಯನ್ನು ಹುಡುಕುತ್ತಿದ್ದಳು. ಬೆರಳುಗಳು ಬೆಂದು, ಬಿಳಿಚಿ, ಸುಲಿದು, ಮತ್ತೆ ಬೆಂದು, ಈಗ ಬಿಸಿಯ ಅರಿವೇ ಇಲ್ಲದಂತಾಗಿದ್ದವು. ಆ ಮಾತು ಮಾತ್ರ ಪ್ರತಿ ಸಲವೂ ಹೊಸದಾಗಿ ಸುಡುತ್ತಿತ್ತು.

ಅವಳು ಹುಟ್ಟಿನಿಂದ ಚರಕದವಳಲ್ಲ. ಚನ್ನಪಟ್ಟಣದ ಆಟಿಕೆ ಮಾಡುವವರ ಮನೆಯ ಮಗಳು. ಅರಗಿನ ಬಣ್ಣದ ವಾಸನೆಯಲ್ಲಿ ಬೆಳೆದವಳು. ರಾಮನಗರದ ಮಾಗಡಿ ರಸ್ತೆಯಲ್ಲಿ ಗ್ಯಾರೇಜು ಇಟ್ಟಿದ್ದ ಮಕ್ಬೂಲನನ್ನು ಮದುವೆಯಾಗಿ ಬಂದಾಗ ಊರು ರೇಷ್ಮೆಯಿಂದ ಮೇಲೇಳುತ್ತಿತ್ತು. ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲಿ ಹಿಪ್ಪುನೇರಳೆ ನಿಂತಿತ್ತು. ಕನಕಪುರದ ಕಡೆಯಿಂದ, ಮಾಗಡಿಯ ಕಡೆಯಿಂದ ಗಾಡಿ ಗಾಡಿ ಗೂಡು ಬಂದು ಬೀಳುತ್ತಿತ್ತು. ಬೀದಿ ಬೀದಿಯಲ್ಲಿ ಬೆಂದ ಹುಳುವಿನ ನಾತ. ಆ ನಾತವನ್ನು ಹಳಿಯುವ ಧೈರ್ಯ ಯಾರಿಗೂ ಇರಲಿಲ್ಲ, ಅನ್ನ ಬರುತ್ತಿದ್ದುದು ಅಲ್ಲಿಂದಲೇ. ನಿನ್ನೆ ಸೈಕಲ್ಲು ತುಳಿದವನು ಇಂದು ಜೀಪು ಕೊಳ್ಳುತ್ತಿದ್ದ. ಕೊಂಡ ಜೀಪು ನಾಳೆ ಮಕ್ಬೂಲನ ಗ್ಯಾರೇಜಿಗೆ ಬರುತ್ತಿತ್ತು.

ಆಗ ಇನ್ನೊಂದು ಪದ್ಧತಿಯೂ ಹುಟ್ಟಿಕೊಂಡಿತ್ತು. ರೇಷ್ಮೆ ನೂಲಿಗೆ ಹುರಿ ಹಾಕುವ ಮನೆಗಳಲ್ಲಿ ಕರೆಂಟು ಹೋದಾಗ ಯಂತ್ರ ನಿಲ್ಲಬಾರದೆಂದು, ಹಳೆಯ ಕಾರುಗಳ ಹೊಟ್ಟೆ ಬಗೆದು ಇಂಜಿನ್ನು ತೆಗೆದು ಅಲ್ಲಿ ಕೂರಿಸುತ್ತಿದ್ದರು. ಹುರಿಯಂತ್ರದ ಚೌಕಟ್ಟಿಗೆ ಬಳಿಯುವ ಗಾಢ ಹಸಿರು ಬಣ್ಣವನ್ನೇ ಆ ಇಂಜಿನ್ನಿಗೂ ಬಳಿಯುತ್ತಿದ್ದರು. ಹಸಿರು ಕಂಡರೆ ಹುರಿಮನೆಯ ಇಂಜಿನ್ನು ಎಂದು ಊರಿನ ಮಗುವೂ ಹೇಳುತ್ತಿತ್ತು. ಈ ಕೆಲಸ ಬಲ್ಲವರಲ್ಲಿ ಮಕ್ಬೂಲ್ ಮೊದಲಿಗ.

ಮಾತು ಕಡಿಮೆಯ ಮನುಷ್ಯ. ಒಂದು ದೊಡ್ಡಸ್ತಿಕೆ ಮಾತ್ರ ಇತ್ತು: ತನ್ನ ಕೈಯಿಂದ ಹೊರಟ ಯಾವ ಯಂತ್ರವೂ ಬಣ್ಣ ಕಾಣದೆ ಬಾಗಿಲು ದಾಟಬಾರದು. “ಮದುವೆಗೆ ಹೋಗೋ ಹೆಣ್ಣಿಗೆ ಹಳೇ ಸೀರೆ ಉಡಿಸ್ತಾರಾ?” ಎನ್ನುತ್ತಿದ್ದ. ಆ ದೊಡ್ಡಸ್ತಿಕೆಯೇ ಅವನ ಕುತ್ತಿಗೆಗೆ ಬಂತು.

ತಿಪ್ಪಸಂದ್ರದ ಪುಟ್ಟಲಿಂಗಯ್ಯ ದೊಡ್ಡ ರೇಷ್ಮೆ ಬೆಳೆಗಾರ. ಅವನ ಮನೆಯಲ್ಲಿ ತಂದೆಯ ಕಾಲದ ಡಾಡ್ಜ್ ಕಾರೊಂದಿತ್ತು. ಅವನಿಗೆ ಆ ಕಾರಿನ ಮೇಲೆ ಪ್ರಾಣ. ಡ್ರೈವರನನ್ನು ಇಟ್ಟುಕೊಳ್ಳದೆ ತಾನೇ ಓಡಿಸುತ್ತಿದ್ದ, ತಾನೇ ಒರೆಸುತ್ತಿದ್ದ. ಹುಳು ಸಾಕುವ ಮನೆಗೆ ಅಂಟಿಕೊಂಡೇ ಕಾರಿನ ಮನೆ. ಎರಡಕ್ಕೂ ನಡುವೆ, ಬಾಗಿಲ ಬದಿಯಲ್ಲಿ, ಸುಣ್ಣ ನೆನೆಸಿಟ್ಟ ದೊಡ್ಡ ಡ್ರಮ್ಮು. ಪ್ರತಿ ಬೆಳೆಗೂ ಮುಂಚೆ ತಟ್ಟೆ, ಹುಳು ಗೂಡು ಕಟ್ಟುವ ಚಂದ್ರಿಕೆ, ಗೋಡೆ, ನೆಲ ಎಲ್ಲವನ್ನೂ ಸುಣ್ಣದಿಂದ ತೊಳೆಯುವುದು ಹುಳುಮನೆಯ ಮೊದಲ ಧರ್ಮ. ಕಾರು ಹೊಗೆಯುಗುಳತೊಡಗಿದಾಗ ಪುಟ್ಟಲಿಂಗಯ್ಯ ಅದನ್ನು ಮಕ್ಬೂಲನಿಗೆ ಒಪ್ಪಿಸಿದ. ಮಕ್ಬೂಲ್ ಇಂಜಿನ್ನನ್ನು ಇಳಿಸಿ, ಬಿಡಿಬಿಡಿಯಾಗಿ ಬಿಚ್ಚಿ, ಸವೆದದ್ದನ್ನು ಬದಲಿಸಿ ಮತ್ತೆ ಜೋಡಿಸಿದ. ಹಳೆಯ ಬೂದು ಬಣ್ಣ ಕಿತ್ತುಹೋಗಿತ್ತು. ಶೆಡ್ಡಿನಲ್ಲಿ ಇದ್ದುದು ಹುರಿಯಂತ್ರದ ಹಸಿರು. ಎರಡು ಮೂರು ಕೈ ಬಳಿದ. ಕನ್ನಡಿಯ ಹಾಗೆ ಹೊಳೆಯಿತು.

ಕಾರು ಒಯ್ಯಲು ಬಂದ ಪುಟ್ಟಲಿಂಗಯ್ಯನಿಗೆ ಅವನು ಹೇಳಿದ್ದು ಒಂದೇ ಬುದ್ಧಿಮಾತು: “ಕೆರೆ ನೀರು ಉಯ್ಯಬೇಡಿ ಗೌಡ್ರೇ, ಒಳಗೆ ಕೊಳೆ ಕಟ್ತದೆ.”

“ನನಗೆ ಹೇಳ್ಕೊಡ್ತೀಯಾ? ನಮ್ಮನೆ ಹುಳಕ್ಕಿರೋ ಮಡಿ ನಿಮ್ಮನೆ ಅಡುಗೆಗೂ ಇರಾಕಿಲ್ಲ ಕಣ್ಲಾ,” ಎಂದು ನಕ್ಕು ಹೋದ ಪುಟ್ಟಲಿಂಗಯ್ಯ.

ಆ ಬೇಸಿಗೆಯಲ್ಲಿ ಅವನ ಹೆಂಡತಿ ಲಕ್ಷ್ಮಿದೇವಮ್ಮನಿಗೆ ಹೆರಿಗೆಯ ನೋವು ಎದ್ದಿತು. ಕೂಸು ಅಡ್ಡ ತಿರುಗಿತ್ತು. ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಒಯ್ಯದೆ ಬೇರೆ ದಾರಿಯಿಲ್ಲವೆಂದು ಸೂಲಗಿತ್ತಿಯೇ ಕೈಮುಗಿದಳು. ಮಾಗಡಿ ದಾಟಿ ಏರು ಹತ್ತುವಾಗ, ನಡುಮಧ್ಯಾಹ್ನದ ಬಿಸಿಲಿನಲ್ಲಿ, ಡಾಡ್ಜ್ ಕಾರಿನ ಮುಂಭಾಗದಿಂದ ಹಬೆ ಎದ್ದಿತು. ಒಳಗೆ ಏನೋ ಕಿರುಚಿ ಕಚ್ಚಿಕೊಂಡಿತು. ಇಂಜಿನ್ನು ನಿಂತಿತು. ಮತ್ತೆ ಅಲುಗಲಿಲ್ಲ. ಲಾರಿಯೊಂದು ಸಿಕ್ಕಿ, ಅದು ಬಂದು ನಿಲ್ಲುವಷ್ಟರಲ್ಲಿ ಹೊಂಗೆಮರದ ನೆರಳಿನಲ್ಲಿ ತಾಯಿಯೂ ಹೋಗಿದ್ದಳು, ಹೊಟ್ಟೆಯೊಳಗಿನ ಕೂಸೂ ಹೋಗಿತ್ತು.

ಕಾರನ್ನು ಎತ್ತುಗಳಿಂದ ಎಳೆಸಿ ತಂದು ಕಾರಿನ ಮನೆಯೊಳಗೆ ನಿಲ್ಲಿಸಿದಾಗ ಪುಟ್ಟಲಿಂಗಯ್ಯ, ನೀರು ಉಯ್ಯಲು ಅರೆಬರೆ ಎತ್ತುತ್ತಿದ್ದ ಮುಂಭಾಗದ ಮುಚ್ಚಳವನ್ನು ರಿಪೇರಿಯ ನಂತರ ಮೊದಲ ಬಾರಿಗೆ ಪೂರ್ತಿ ಎತ್ತಿ, ಕಣ್ಣಿಟ್ಟು ನೋಡಿದ. ತಂದೆಯ ಕಾಲದ ಬೂದು ಇಂಜಿನ್ನು ಇರಬೇಕಾದ ಜಾಗದಲ್ಲಿ ಹಸಿರು ಇಂಜಿನ್ನು ಕುಳಿತಿತ್ತು. ನಂಬರು ಕೊರೆದಿರುತ್ತದೆಂದು ಕೇಳಿದ್ದ ಜಾಗವನ್ನು ತಡವಿದ. ಬೋಳಾಗಿತ್ತು. ದುಃಖಕ್ಕೆ ಒಬ್ಬ ಅಪರಾಧಿ ಬೇಕು, ಅವನಿಗೆ ಸಿಕ್ಕಿದ.

ಕರ್ಮಾಂತರ ಮುಗಿಸಿ, ಹಣ್ಣಾದ ಬೆಳೆಯನ್ನು ಮಾರಲೇಬೇಕಾಗಿ ಅವನು ರಾಮನಗರದ ಗೂಡಿನ ಮಾರುಕಟ್ಟೆಗೆ ಬಂದ. ಯಾರದೋ ಸ್ಕೂಟರು ರಿಪೇರಿಗೆಂದು ಮಕ್ಬೂಲನೂ ಅಲ್ಲಿದ್ದ. ನಡೆದುದನ್ನು ಹಾಜಿರಾ ಕಣ್ಣಾರೆ ಕಾಣಲಿಲ್ಲ. ಆದರೆ ಹತ್ತು ಬಾಯಿಗಳು ಬಂದು ಒಂದೇ ಮಾತು ಹೇಳಿದ್ದರಿಂದ ಅದು ಅವಳಿಗೆ ಕಂಡದ್ದಕ್ಕಿಂತ ಸ್ಪಷ್ಟವಾಗಿತ್ತು.

“ಲೇ ಮಕ್ಬೂಲಾ, ನನ್ನ ಇಂಜಿನ್ನ ಯಾವ ಹುರಿಮನೆಗೆ ಮಾರ್ದೆ ಹೇಳ್ಲಾ?”

“ಕಾರಿನಲ್ಲಿರೋದು ನಿಮ್ಮ ಇಂಜಿನ್ನೇ ಗೌಡ್ರೇ.”

“ನಮ್ಮಪ್ಪನ ಕಾಲ್ದಿಂದ ನೋಡಿವ್ನಿ, ಬೂದಿ ಬಣ್ಣ. ಈಗ ಹಸ್ರು! ನಂಬರ್ ಎಲ್ಲೈತೆ? ಬೋಳು! ಯಾವ್ದೋ ಹುರಿಮನೇಲಿ ಸತ್ತಿದ್ದ ಹೆಣ ತಂದು ನನ್ನ ಕಾರ್‌ಗೆ ಕೂರಿಸ್ದೆ. ಅದು ಏರಿನಾಗೆ ಪ್ರಾಣ ಬುಡ್ತು. ನನ್ನ ಹೆಂಡ್ರು ಪ್ರಾಣಾನೂ ಜತೇಲೇ ತಕ್ಕೊಂಡೋಯ್ತು.”

“ಬಣ್ಣ ನಾನು ಬಳ್ದಿದ್ದು. ನಂಬರು ಬಣ್ಣದ ಅಡೀಲಿದೆ. ಒಸಿ ಕೆರೆದು ನೋಡಿ ಗೌಡ್ರೇ, ನಾನೇ ಬಂದು ತೋರಿಸ್ತೀನಿ.”

“ಆ ಕಾರು ಮುಟ್ಟಿದ್ರೆ ಕೈ ಕಡಿತೀನಿ.”

ಅಲ್ಲಿ ರೈತರಿದ್ದರು, ಗೂಡು ಕೊಂಡು ನೂಲು ತೆಗೆಸುವ ರೀಲರುಗಳಿದ್ದರು, ಹರಾಜು ಕೂಗುವವರಿದ್ದರು. ಖಲಂದರನೂ ಇದ್ದ. ಡಾಡ್ಜ್ ರಿಪೇರಿಯಾದ ತಿಂಗಳಲ್ಲೇ ಖಲಂದರನ ಹುರಿಯಂತ್ರಕ್ಕೆ ಮಕ್ಬೂಲನೇ ಒಂದು ಕಾರಿನ ಇಂಜಿನ್ನನ್ನು ಕೂರಿಸಿದ್ದ. ಅದು ಎಲ್ಲಿಂದ ಬಂತೆಂಬುದು ಅವರಿಬ್ಬರಿಗೆ ಬಿಟ್ಟು ಯಾರಿಗೂ ತಿಳಿಯದು. ಜನರೆಲ್ಲ ಖಲಂದರನ ಕಡೆ ತಿರುಗಿದರು. ಖಲಂದರ್ ತಟ್ಟೆಯಿಂದ ಒಂದು ಗೂಡನ್ನು ಎತ್ತಿ, ಕಿವಿಯ ಬಳಿ ಹಿಡಿದು ಅಲುಗಿಸಿ, ಒಳಗಿನ ಹುಳು ಒಣಗಿದೆಯೋ ಇಲ್ಲವೋ ಎಂದು ಬಹಳ ಹೊತ್ತು ಕೇಳಿಸಿಕೊಂಡ. ಮಕ್ಬೂಲ್ ಅವನತ್ತ ಒಮ್ಮೆ ನೋಡಿ ಸ್ಕೂಟರಿನ ಕಡೆ ಬಗ್ಗಿದ.

ಪೊಲೀಸರಿಗೆ ದೂರು ಹೋಗಲಿಲ್ಲ. ಹೋಗಿದ್ದರೆ ಚೆನ್ನಾಗಿತ್ತು, ಠಾಣೆಯ ಮಾತಿಗೆ ಎದುರು ಮಾತು ಹೇಳಬಹುದು. ಮಾರುಕಟ್ಟೆಯ ಮಾತಿಗೆ ಎದುರು ನಿಲ್ಲುವವರು ಯಾರು? ಊರ ಬಾಗಿಲು ಮುಚ್ಚಬಹುದು, ಊರ ಬಾಯಿ ಮುಚ್ಚಲಾಗದು. ಗ್ಯಾರೇಜಿನ ಮುಂದೆ ಸಾಲುಗಟ್ಟುತ್ತಿದ್ದ ಗಾಡಿಗಳು ಮೊದಲು ವಿರಳವಾದವು, ಆಮೇಲೆ ನಿಂತೇಹೋದವು. ಮಕ್ಬೂಲ್ ಒಮ್ಮೆ ತಿಪ್ಪಸಂದ್ರಕ್ಕೂ ಹೋಗಿ ಬಂದ. ಕಾರಿನ ಮನೆಗೆ ಬೀಗ ಬಿದ್ದಿತ್ತು, ಅವನನ್ನು ಅಂಗಳದಿಂದಲೇ ಹಿಂದಕ್ಕೆ ಕಳುಹಿಸಿದರು. ಶೆಡ್ಡು ಬೇರೆಯವರ ಪಾಲಾಯಿತು. ಕರೆದು ಕೆಲಸ ಕೊಟ್ಟವನು ಖಲಂದರ್ ಒಬ್ಬನೇ. ಗಂಡ ಚರಕದ ಚಕ್ರ ತಿರುಗಿಸುವುದು, ಹೆಂಡತಿ ಬೋಗುಣಿಯ ಮುಂದೆ ಕುಳಿತು ಎಳೆ ತೆಗೆಯುವುದು. ಅದನ್ನು ಅವರು ಖಲಂದರನ ದೊಡ್ಡತನವೆಂದುಕೊಂಡರು; ಹಾಜಿರಾ ಅಂದುಕೊಂಡಳು, ಮಕ್ಬೂಲ್ ಏನಂದುಕೊಂಡನೋ ಹೇಳಲಿಲ್ಲ. ಇಂಜಿನ್ನುಗಳನ್ನು ಕೂರಿಸುತ್ತಿದ್ದವನು ಈಗ ತಾನೇ ಇಂಜಿನ್ನಾಗಿ, ಹೊಗೆ ಹಬೆಗಳ ನಡುವೆ, ಬೆಳಗಿನಿಂದ ಸಂಜೆಯ ತನಕ ತೋಳಿನಿಂದ ಚಕ್ರ ತಿರುಗಿಸಿದ.

ಒಂದು ದಿನ ಕೆಲಸದ ನಡುವೆ, ಹಬೆಯಲ್ಲಿ ಮುಖ ಸರಿಯಾಗಿ ಕಾಣದಿದ್ದಾಗ, ಹಾಜಿರಾ ಕೇಳಿಬಿಟ್ಟಳು:

“ನನಗಾದರೂ ನಿಜ ಹೇಳಿ. ಖಲಂದರನ ಯಂತ್ರಕ್ಕೆ ಕೂರಿಸಿದ್ದು ಯಾರ ಇಂಜಿನ್ನು?”

ಚಕ್ರ ನಿಂತಿತು. ಎಳೆ ಕಡಿಯಿತು. ಮಕ್ಬೂಲ್ ಅವಳನ್ನು ನೋಡಿದ ಬಗೆಯನ್ನು ಅವಳು ಯಾರಿಗೂ ವರ್ಣಿಸಲು ಪ್ರಯತ್ನಿಸಿದವಳಲ್ಲ. ಆಮೇಲೆ ಅವನು ಚಕ್ರ ತಿರುಗಿಸತೊಡಗಿದ, ಅವಳು ತುದಿ ಹುಡುಕತೊಡಗಿದಳು. ಅಂದಿನಿಂದ ಅವರ ನಡುವೆ ಉಪ್ಪು ಕೊಡು, ನೀರು ಕೊಡು ಎನ್ನುವ ಮಾತಲ್ಲದೆ ಬೇರೆ ಮಾತಿರಲಿಲ್ಲ. ಕೆಮ್ಮು ಅವನನ್ನು ಹಿಡಿದುಕೊಂಡಿತು, ಒಂದು ಮಳೆಗಾಲದಲ್ಲಿ ಕರೆದುಕೊಂಡೂ ಹೋಯಿತು. ಉತ್ತರ ಬಾರದ ಪ್ರಶ್ನೆ ಹಾಜಿರಾಳ ಪಾಲಿಗೆ ಉಳಿಯಿತು. ಅವನು ಕಳ್ಳನಾಗಿದ್ದರೆ ಲಕ್ಷ್ಮಿದೇವಮ್ಮನ ಸಾವಿನ ಅನ್ನವನ್ನು ಅವಳೂ ಉಂಡಿದ್ದಳು. ಕಳ್ಳನಲ್ಲದಿದ್ದರೆ ಅವನನ್ನು ನಂಬದವರ ಸಾಲಿನಲ್ಲಿ ಕೊನೆಗೆ ಹೋಗಿ ನಿಂತವಳು ಅವಳೇ. ಎರಡರಲ್ಲಿ ಯಾವುದೆಂದು ತಿಳಿಯದೆ ಅವಳು ವರ್ಷಗಳನ್ನು ಕಳೆದಳು.

ಒಂದು ಬೆಳಿಗ್ಗೆ ಖಲಂದರ್ ಮಾರುಕಟ್ಟೆಯಿಂದ ಬಂದವನು, ಮೂಟೆಗಳನ್ನು ಇಳಿಸುತ್ತ, ಅವಳ ಮುಖ ನೋಡದೆ ಹೇಳಿದ: “ತಿಪ್ಪಸಂದ್ರದ ಗೌಡ್ರು ಹುಳುಮನೆ ದೊಡ್ಡದು ಮಾಡ್ತಾರಂತೆ. ಕಾರಿನ ಮನೆ ಕೆಡವ್ತಾರೆ. ಹಳೇ ಕಾರು ಸಾಕೋ ಬೆಂಗಳೂರಿನವರು ಯಾರೋ ಶುಕ್ರವಾರ ಬರ್ತಾರಂತೆ, ಮೇಸ್ತ್ರೀನ ಕರ್ಕೊಂಡು. ಇಂಜಿನ್ನು ಕಾರಿನ ಜೊತೇಲಿ ಹುಟ್ಟಿದ್ದೇ ಆದರೆ ಮಾತ್ರ ತಗೊಳ್ಳೋದಂತೆ.”

ಹಾಜಿರಾಳ ಬೆರಳಿನಿಂದ ತುದಿ ಜಾರಿತು.

ಶುಕ್ರವಾರ ಅವಳು ಬುರ್ಖಾ ಹಾಕಿಕೊಂಡು ಮಾಗಡಿಯ ಬಸ್ಸು ಹತ್ತಿದಳು. ತಿಪ್ಪಸಂದ್ರದಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ. ದೂರಕ್ಕೇ ಹುಳುಮನೆಯ ಸುಣ್ಣದ ಗೋಡೆ ಕಾಣುತ್ತಿತ್ತು. ಅಂಗಳದಲ್ಲಿ ಹುಳುಮನೆಯ ಹಳೆಯ ಆಳು ಅಂಕಯ್ಯ ಚಂದ್ರಿಕೆಗಳನ್ನು ಬಿಸಿಲಿಗೆ ಹರವುತ್ತಿದ್ದ.

“ಯಾರು ಬೂವಮ್ಮ? ಏನಾಗ್ಬೇಕಿತ್ತು?”

“ಮಕ್ಬೂಲ್ ಮೇಸ್ತ್ರಿ ಮನೆಯವಳು. ಕಾರು ನೋಡೋಕೆ ಬಂದೆ.”

ಅಂಕಯ್ಯನ ಕೈಯಿಂದ ಚಂದ್ರಿಕೆ ಕೆಳಗಿಳಿಯಿತು. ಅವನು ಏನನ್ನಾದರೂ ಹೇಳುವ ಮೊದಲೇ ಪಡಸಾಲೆಯಿಂದ ಪುಟ್ಟಲಿಂಗಯ್ಯನ ದನಿ ಬಂತು. ಮುದುಕನಾಗಿದ್ದ, ಮೈ ಇಳಿದಿತ್ತು, ದನಿ ಇಳಿದಿರಲಿಲ್ಲ.

“ಬುಡ್ಲಾ ಅಂಕ, ಬರ್ಲಿ. ಗಂಡನ ಕೈಚಳಕ ಏನಂತ ಹೆಂಡ್ರೂ ಒಂದ್ಸಲ ನೋಡ್ಲಿ.”

ಹಾಜಿರಾ ತಲೆ ತಗ್ಗಿಸಲಿಲ್ಲ. ಕಾರಿನ ಮನೆಯ ಬಾಗಿಲ ಬದಿಗೆ ಹೋಗಿ ನಿಂತಳು.

ಬೆಂಗಳೂರಿನ ಗಿರಾಕಿ ಬಿಳಿ ಷರಟಿನ ಯುವಕ. ಕರವಸ್ತ್ರವನ್ನು ಮೂಗಿನಿಂದ ತೆಗೆಯಲೇ ಇಲ್ಲ. ಅವನು ಕರೆತಂದಿದ್ದ ಮೇಸ್ತ್ರಿ ಫಕ್ರುದ್ದೀನ್ ಬಾಯಿಬಡುಕ, ತನ್ನ ಬುದ್ಧಿಯ ಮೇಲೆ ತನಗೇ ಮೋಹ. ಕಾರಿನ ಮೇಲಿದ್ದ ಹಳೆಯ ಚಾಪೆಗಳನ್ನು ಎಳೆದು, ಮುಚ್ಚಳ ಎತ್ತಿ, ನಾಲಿಗೆ ಲೊಚಗುಟ್ಟಿದ.

“ಹಸಿರು! ಯಾ ಅಲ್ಲಾ! ಡಾಡ್ಜಿಗೆ ಗಿಳಿಯ ಅಂಗಿ ತೊಡಿಸಿದವನು ಯಾರಪ್ಪಾ?”

“ಅದನ್ನೇ ನಾನೂ ಅಂದಿದ್ದು. ಇದು ಕದ್ದು ಬದಲಾಯ್ಸಿದ್ದು. ಇದ್ರ ಮ್ಯಾಲೆ ನಂಬರೇ ಇಲ್ಲ. ಹಂಗೇ ತಕ್ಕೊಳೋದಾದ್ರೆ ತಕ್ಕೊಳಿ,” ಎಂದ ಪುಟ್ಟಲಿಂಗಯ್ಯ.

“ಇಲ್ಲ ಅನ್ನೋಕೆ ಮುಂಚೆ ಸ್ನಾನ ಮಾಡಿಸಿ ನೋಡೋಣ ಗೌಡ್ರೇ. ಮುಖ ತೊಳೀದೆ ಮದುಮಗಳ ಬಣ್ಣ ಹೇಳ್ತಾರಾ?”

ಅವನು ಇಂಜಿನ್ನಿನ ಎಡಭಾಗದಲ್ಲಿ, ಡೈನಮೊದ ಮೇಲ್ಗಡೆ, ಮುಂತುದಿಯಲ್ಲಿದ್ದ ಒಂದು ಚಪ್ಪಟೆ ಜಾಗವನ್ನು ಬಟ್ಟೆಯಿಂದ ಒರೆಸಿದ. ವರ್ಷಗಳ ಜಿಡ್ಡು ಬಂತು. ಅದರ ಕೆಳಗೆ ಹಸಿರು. ತಿನ್ನರಿನಲ್ಲಿ ಅದ್ದಿದ ಅರಿವೆಯನ್ನು ಅದರ ಮೇಲೆ ಒತ್ತಿಟ್ಟು, ಒಂದು ಬೀಡಿ ಹಚ್ಚಲು ಹೋದವನು, ಹುಳುಮನೆಯ ಬಳಿ ಹೊಗೆ ಕೂಡದೆಂದು ಅಂಕಯ್ಯ ಕೂಗಿದ್ದಕ್ಕೆ ಕಿವಿಗೆ ಸಿಕ್ಕಿಸಿಕೊಂಡ. ಆಮೇಲೆ ಮೊಂಡು ಚಾಕುವಿನಿಂದ ಮೆಲ್ಲಗೆ ತಳ್ಳಿದ. ನೆನೆದ ಬಣ್ಣ ಹಾವಿನ ಪೊರೆಯಂತೆ ಸುಲಿದು ಬಂತು. ಅವನು ಸೀಮೆಸುಣ್ಣದ ತುಂಡನ್ನು ತೆಗೆದು ಅಲ್ಲಿ ಅಡ್ಡಡ್ಡಲಾಗಿ ಉಜ್ಜಿದ.

ಕಬ್ಬಿಣದ ಮೇಲೆ ಅಂಕಿಗಳು ಬೆಳ್ಳಗೆ ಎದ್ದು ನಿಂತವು.

ಗಿರಾಕಿ ಕಾರಿನ ಆರ್.ಸಿ. ಪುಸ್ತಕ ಹಿಡಿದು ಬಗ್ಗಿದ. “ಅದೇ ನಂಬರ್,” ಎಂದ.

ಹಾಜಿರಾ ಬಾಗಿಲ ಬದಿಯಿಂದ ಒಂದು ಹೆಜ್ಜೆ ಒಳಗೆ ಬಂದಳು.

“ನಂಬರು ಆಮೇಲೂ ಕೊರೀಬಹ್ದು,” ಎಂದ ಪುಟ್ಟಲಿಂಗಯ್ಯ, ದನಿ ಗಡುಸಾಗಿತ್ತು.

“ಕೊರೀಬಹುದು. ಕಾರ್ಖಾನೆಯವರನ್ನೇ ನಾಚಿಸೋ ಹಾಗೆ ಕೊರೆಯೋ ಕೈಗಳು ನಮ್ಮ ಬೆಂಗಳೂರಿನಲ್ಲಿವೆ. ಹೊಸ ನಂಬರು ಕೊರೀಬೇಕಾದರೆ ಮೊದಲು ಹಳೇದನ್ನು ಅರದಿಂದ ಉಜ್ಜಬೇಕಲ್ಲ ಗೌಡ್ರೇ, ಅಲ್ಲೇ ಕಳ್ಳ ಸಿಕ್ಕಿಬೀಳೋದು. ಬನ್ನಿ, ಬಗ್ಗಿ ನೋಡಿ. ಕೂದಲಿನಂಥ ಗೆರೆಗಳು ಒಂದೇ ದಿಕ್ಕಿಗೆ ಇವೆಯಾ? ಅದು ಕಾರ್ಖಾನೆಯ ಯಂತ್ರ ಹೆರೆದ ಗುರುತು. ಅರ ಆಡಿಸಿದ್ದರೆ ಇವೆಲ್ಲ ಅಳಿಸಿಹೋಗ್ತಿದ್ದವು. ಅಂಕಿಗಳೂ ಒಂದೇ ಆಳ, ಒಂದೇ ಸಾಲು. ಈ ಸಂದಿ ನೋಡಿ, ಹಸಿರಿನ ಕೆಳಗೆ ಬೂದು ಬಣ್ಣ. ಹುಟ್ಟುವಾಗ ಹಾಕಿದ ಅಂಗಿ. ಈ ಕಾರಿನ ಜೊತೇಲೇ ಹುಟ್ಟಿದ ಇ‌ಂಜಿನ್ನು ಇದು, ನನ್ನ ಮಾತು ತಪ್ಪಾದರೆ ಗಡ್ಡ ಬೋಳಿಸ್ಕೋತೀನಿ.”

ಪುಟ್ಟಲಿಂಗಯ್ಯ ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ. ತಲೆ ಎತ್ತಿದಾಗ ಹಾಜಿರಾಳತ್ತ ತಿರುಗದೆ ಹೇಳಿದ:

“ಇಂಜಿನ್ ನಂದೇ ಇರ್ಬಹುದು. ಕೆಲ್ಸ ಕೆಡ್ಸಿದ್ನಲ್ಲ. ಒಂದು ಬೇಸ್ಗೇನೂ ಬಾಳ್ಲಿಲ್ವಲ್ಲ.”

ಹೀಗೆ ಒಂದು ಗಂಟು ಬಿಚ್ಚುವಷ್ಟರಲ್ಲಿ ಮುದುಕ ಇನ್ನೊಂದನ್ನು ಬಿಗಿದ. ಹಾಜಿರಾ ಅಲ್ಲಿಂದ ಹೊರಟಿದ್ದರೆ ಅರ್ಧ ಗೆದ್ದು ಹೋಗುತ್ತಿದ್ದಳು. ಅರ್ಧದಿಂದ ಅವಳಿಗೆ ತೃಪ್ತಿಯಿರಲಿಲ್ಲ.

“ಒಳಗೂ ನೋಡಿ ಭಾಯಿ,” ಎಂದಳು. ಅದು ಅಲ್ಲಿ ಅವಳು ಆಡಿದ ಎರಡನೆಯ ಮಾತು.

ಗಿರಾಕಿಗೂ ಅದೇ ಬೇಕಿತ್ತು. ಕಚ್ಚಿಕೊಂಡ ಇಂಜಿನ್ನು ಬಿಡಿಸಿದರೆ ಬಿಟ್ಟೀತೇ ಎಂದು ತಿಳಿಯಬೇಕಿತ್ತು. ಫಕ್ರುದ್ದೀನ್ ತುಕ್ಕು ಹಿಡಿದ ಬೋಲ್ಟುಗಳಿಗೆ ಎಣ್ಣೆ ಬಿಟ್ಟು, ಬಯ್ದು, ಬಡಿದು, ಕೊನೆಗೆ ತಲೆಭಾಗವನ್ನು ಮೇಲಕ್ಕೆತ್ತಿದ. ಒಳಗೆ ಬಗ್ಗಿದವನು ಜೋರಾಗಿ ನಕ್ಕುಬಿಟ್ಟ.

“ಏನ್ ಗೌಡ್ರೇ, ಇಂಜಿನ್ನಿಗೆ ದಿನಾ ಎಲೆಯಡಿಕೆ ಹಾಕಿಸ್ತಿದ್ರಾ? ಎಷ್ಟು ಸುಣ್ಣ!”

ನೀರು ಹರಿದಾಡಬೇಕಾದ ತೂತುಗಳೆಲ್ಲ ಬೆಳ್ಳಗೆ ಕಟ್ಟಿಕೊಂಡಿದ್ದವು. ಚಾಕುವಿನಿಂದ ಕೆದಕಿದರೆ ಗೋಡೆಯ ಚಕ್ಕೆಯಂತೆ ಉದುರಿತು. ಫಕ್ರುದ್ದೀನನ ನಗು ಅವನ ಪಾಠವಾಗಿ ತಿರುಗಿತು: ನೀರು ಮುಂದೆ ಹೋಗಿಲ್ಲ, ಹಿಂದಿನ ಸಿಲಿಂಡರುಗಳಿಗೆ ತಂಪು ಮುಟ್ಟಿಲ್ಲ, ಏರಿನಲ್ಲಿ ಕಾದು ಕೆಂಪಾಗಿ ಕಚ್ಚಿಕೊಂಡಿದೆ. “ಒಳಗಿನ ಕೆಲಸ ಹೂವಿನ ಹಾಗಿದೆ, ಯಾವ ಮೇಸ್ತ್ರಿಯೋ ಪುಣ್ಯಾತ್ಮ. ಇದು ಕೆಲಸದಿಂದ ಸತ್ತದ್ದಲ್ಲ, ನೀರಿನಿಂದ ಸತ್ತದ್ದು. ಇಷ್ಟೊಂದು ಸುಣ್ಣ ಯಾವ ಬಾವೀಲಿದೆ ನಿಮ್ಮೂರಲ್ಲಿ?”

ಇದುವರೆಗೆ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಂಕಯ್ಯ ಹತ್ತಿರ ಬಂದು, ಒಂದು ಚಕ್ಕೆಯನ್ನು ಎತ್ತಿ ಬೆರಳುಗಳ ನಡುವೆ ಪುಡಿ ಮಾಡಿದ. ಹೇಳಬಾರದ್ದನ್ನು ಹೇಳುತ್ತಿದ್ದೇನೆಂಬ ಅರಿವು ಅವನಿಗಿರಲಿಲ್ಲ.

“ಬಾವೀದಲ್ಲ, ಇದು ನಮ್ಮ ಡ್ರಮ್ಮಿನ್ ಸುಣ್ಣವೇಯ. ಗೌಡ್ರೇ, ನೀವೇ ಅಲ್ವರಾ ಡ್ರಮ್ಮಿನ್ ಮ್ಯಾಲಿನ್ ನೀರು ಮೊಗ್ದು ಮೊಗ್ದು ಕಾರ್‌ಗೆ ಉಯ್ತಿದ್ದುದು? ಕೆರೆ ನೀರ್ನಾಗೆ ಕೊಳೆ ಐತೆ, ಸುಣ್ಣದ್ ನೀರ್ನಾಗೆ ಯಾವ್ ಕೊಳೇನೂ ಬದುಕಾಕಿಲ್ಲ ಅಂತ ನೀವೇ ಅಂತಿದ್ರಿ.”

ಫಕ್ರುದ್ದೀನ್ ನಗುತ್ತಲೇ ಇದ್ದ. ಅವನಿಗೆ ಏನೂ ತಿಳಿಯದು. ಪುಟ್ಟಲಿಂಗಯ್ಯ ಕಾರಿನ ಕಾಲುಹಲಗೆಯ ಮೇಲೆ ಕುಳಿತುಬಿಟ್ಟ. ಹುಳುಗಳನ್ನು ರೋಗದಿಂದ ಉಳಿಸಿದ ಸುಣ್ಣ ಅದು. ಬೆಳೆ ಬೆಳೆಗೂ ಮನೆ ಬೆಳೆಸಿದ ಸುಣ್ಣ. ಅದರ ಮೇಲೆ ಕನ್ನಡಿಯಂತೆ ನಿಂತ ನೀರನ್ನು ಅವನು ಎಷ್ಟು ಪ್ರೀತಿಯಿಂದ, ಎಷ್ಟು ಮಡಿಯಿಂದ ತಂದೆಯ ಕಾರಿಗೆ ಉಯ್ದಿದ್ದನೋ! ಹೊಂಗೆಮರದ ನೆರಳು ಅವನ ಮುಖದ ಮೇಲೆ ಬಂದುಹೋದುದನ್ನು ಹಾಜಿರಾ ಕಂಡಳು. ಈ ಕ್ಷಣಕ್ಕಾಗಿ ಎಷ್ಟೋ ವರ್ಷ ಕಾದಿದ್ದಳು. ಬಂದಾಗ ಅದರಲ್ಲಿ ರುಚಿಯಿರಲಿಲ್ಲ. ಹೆಂಡತಿಯನ್ನು ಕೊಂದವನು ಯಾರೆಂಬ ಪ್ರಶ್ನೆಗೆ ಆ ಮುದುಕನಿಗೆ ಉತ್ತರ ಸಿಕ್ಕಿತ್ತು. ಅದರ ಎದುರಿನಲ್ಲಿ ಅವಳು ಇನ್ನೇನು ಹೇಳಬೇಕಿತ್ತು? ಆದರೂ ಅವಳು ಹೇಳಬೇಕಾದ್ದನ್ನು ಹೇಳಿದಳು. ಕರುಣೆ ಬಂದಿತೆಂದು ಲೆಕ್ಕ ಮರೆಯುವ ಹೆಂಗಸಲ್ಲ ಅವಳು.

“ಗೌಡ್ರೇ, ನೀವು ಅವತ್ತು ಮಾತಾಡಿದ್ದು ಇಲ್ಲಿ ಅಲ್ಲ. ಮಾರುಕಟ್ಟೇಲಿ.”

ಮುದುಕ ತಲೆಯಾಡಿಸಿದ. “ಬತ್ತೀನಿ.”

ಮಾತಿಗೆ ತಪ್ಪಲಿಲ್ಲ. ಮುಂದಿನ ಬೆಳೆಯ ಗೂಡಿನ ಜೊತೆಗೆ ಬಂದ. ಹಾಜಿರಾಳೂ ಬಂದು ಕಂಬದ ಬಳಿ ನಿಂತಳು. ಹರಾಜು ಕೂಗುವವನು ಅವನ ತಟ್ಟೆಗಳ ಮುಂದೆ ಬಂದಾಗ ಪುಟ್ಟಲಿಂಗಯ್ಯ ಕೈಯೆತ್ತಿ ನಿಲ್ಲಿಸಿದ.

“ಒಂದು ಮಾತೈತೆ. ಎಲ್ರೂ ಕೇಳಿ. ಮಕ್ಬೂಲ್ ನನ್ನ ಇಂಜಿನ್ ಕದೀಲಿಲ್ಲ. ನಾನು ಅಂದಿದ್ದು ಸುಳ್ಳು.” ಅಷ್ಟು ಹೇಳಿ ಸುಣ್ಣದ ನೀರಿನ ಮಾತಿಗೆ ಬಾಯಿ ತೆರೆದ. ತುಟಿ ಅಲುಗಿತು, ದನಿ ಬರಲಿಲ್ಲ.

ಸುತ್ತ ನಿಂತವರು ಮುಖ ಮುಖ ನೋಡಿಕೊಂಡರು. ಅಂದು ಕೇಳಿದ್ದವರಲ್ಲಿ ಕೆಲವರು ಸತ್ತಿದ್ದರು, ಕೆಲವರು ಕೈಸೋತು ಮನೆಯಲ್ಲಿದ್ದರು. ಇಂದು ತಟ್ಟೆಗಳ ಸುತ್ತ ಇದ್ದವರೆಲ್ಲ ಹೊಸ ಹರೆಯದವರು.

“ಯಾವ್ ಮಕ್ಬೂಲು ಗೌಡ್ರೇ?” ಎಂದ ಒಬ್ಬ.

“ಇಂಜಿನ್ ಕಳ್ತನ ಆಗೈತಾ? ಯಾವಾಗ್ಲಾ?” ಎಂದ ಇನ್ನೊಬ್ಬ.

“ಲೇ, ಮಾತು ಆಮ್ಯಾಕೆ ಆಡ್ಕೊಳ್ರಲಾ, ಗೂಡು ಬಿಸಿ ಆಯ್ತದೆ. ರೇಟ್ ಕೂಗಿ, ರೇಟ್!”

ಗೌಡರ ಕಡೆಯಲ್ಲಾಗಲಿ, ಹಾಜಿರಾಳ ಕಡೆಯಲ್ಲಾಗಲಿ, ಹೆಂಡತಿಯಾದವಳು ಗಂಡನ ಹೆಸರು ಎತ್ತುವುದಿಲ್ಲ. ತಿಪ್ಪಸಂದ್ರದ ಅಂಗಳದಲ್ಲಿ ಗುರುತು ಹೇಳುವ ಅಗತ್ಯಕ್ಕೆ ಆ ಹೆಸರು ಅವಳ ನಾಲಿಗೆಯ ಮೇಲೆ ಮೊದಲ ಸಲ ಬಂದಿತ್ತು, ತಗ್ಗಿದ ದನಿಯಲ್ಲಿ. ಈಗ ಅವಳು ಕಂಬ ಬಿಟ್ಟು ನಾಲ್ಕು ಜನರ ನಡುವೆ ಬಂದು ಗಟ್ಟಿಯಾಗಿ ಹೇಳಿದಳು: “ಮಕ್ಬೂಲ್ ಮೇಸ್ತ್ರಿ. ಮಾಗಡಿ ರಸ್ತೆ ಗ್ಯಾರೇಜಿನವರು. ನನ್ನ ಗಂಡ.” ಯಾರೋ ‘ಹೌದಾ’ ಎಂದರು. ಹರಾಜು ನಡೆಯಿತು. ಪುಟ್ಟಲಿಂಗಯ್ಯ ತನ್ನ ಗೂಡಿನ ದರ ಕೇಳಲೂ ನಿಲ್ಲದೆ ಹೊರಗೆ ನಡೆದ.

ಸಂಜೆಯೊಳಗೆ ಊರಿನಲ್ಲಿ ಸುದ್ದಿ ಹಬ್ಬಿತು: ಯಾರೋ ಮಕ್ಬೂಲ್ ಎನ್ನುವವನು ಗೌಡರ ಇಂಜಿನ್ನು ಕದ್ದಿದ್ದನಂತೆ. ಕಳ್ಳನಲ್ಲವೆಂದು ಹೇಳಿಸಲು ಹೋದವಳು, ಅವನನ್ನು ಅರಿಯದವರ ಬಾಯಿಗೂ ಅವನನ್ನು ಕಳ್ಳನನ್ನಾಗಿ ಕೊಟ್ಟು ಬಂದಿದ್ದಳು.

ಮರುದಿನ ಖಲಂದರ್ ಅವಳ ಬೋಗುಣಿಯ ಬಳಿ ಬಂದು ನಿಂತ. “ಅವನು ಕದ್ದಿಲ್ಲ ಅಂತ ನಂಗೆ ಗೊತ್ತಿತ್ತಮ್ಮಾ. ನನ್ನ ಹುರಿಯಂತ್ರದ ಇಂಜಿನ್ನು ಬೆಂಗಳೂರಿನ ಗುಜರೀದು. ಕಾಗದ ಇರಲಿಲ್ಲ. ಯಾರಿಗೂ ಹೇಳಬೇಡ ಅಂತ ಮಕ್ಬೂಲ್ ಕೈಲಿ ಆಣೆ ಹಾಕಿಸ್ಕೊಂಡಿದ್ದೆ.”

“ಅವರು ನನಗೂ ಹೇಳಲಿಲ್ಲ,” ಎಂದಳು ಹಾಜಿರಾ.

ಕೆಲಸ ಬಿಡಲಿಲ್ಲ, ಬೇರೆ ಒಲೆ ಅವಳಿಗೆ ಯಾರು ಹಚ್ಚಿಟ್ಟಿದ್ದರು? ಕೂರುವ ಮಣೆಯನ್ನು ಮಾತ್ರ ತಿರುಗಿಸಿ ಹಾಕಿಕೊಂಡಳು. ಈಗ ಅವಳ ಮುಖ ಬಾಗಿಲಿಗೆ. ಮೂಟೆ ಹೊತ್ತು ಬಂದ ಹೊಸಬ ಅವಳತ್ತ ನೋಡಿ ಪಕ್ಕದವನ ಕಿವಿಗೆ ಬಗ್ಗಿದರೆ, “ಅವನನ್ನೇನು ಕೇಳ್ತೀಯಪ್ಪಾ, ಬಾ ಇಲ್ಲಿ, ನಾನು ಹೇಳ್ತೀನಿ,” ಎಂದು ಕರೆಯುತ್ತಿದ್ದಳು. ಮೊದಲಿನಿಂದ ಹೇಳುತ್ತಿದ್ದಳು: ಬೂದು ಬಣ್ಣ, ಹಸಿರು ಬಣ್ಣ, ಅದರ ಅಡಿಯ ನಂಬರು, ತೂತು ತುಂಬಿದ ಸುಣ್ಣ. ಹಬೆಯ ನಡುವೆ ತಾನು ಗಂಡನನ್ನು ಕೇಳಿದ ಪ್ರಶ್ನೆಯನ್ನೂ ಬಿಡುತ್ತಿರಲಿಲ್ಲ. ಕೆಲವರು ಕೇಳಿದರು, ಕೆಲವರು ‘ಮುದುಕಿಗೆ ಇದೇ ಜಪ’ ಎಂದು ಜಾರಿಕೊಂಡರು. ಒಮ್ಮೆ ಒಬ್ಬ ಹಮಾಲಿ ಕೊನೆಯ ತನಕ ಕೇಳಿ, ಮೂಟೆಯ ಮೇಲೆ ಕುಳಿತೇ ಕೇಳಿದ:

“ಅಲ್ಲಮ್ಮೋ, ಆ ಸುಣ್ಣದ್ ನೀರು ಉಯ್ದೋರು ಯಾರು? ಅವ್ರ ಹೆಸ್ರೇ ಹೇಳ್ಲಿಲ್ವಲ್ಲ?”

ಹಾಜಿರಾ ಬೋಗುಣಿಯಿಂದ ಒಂದು ತುದಿಯನ್ನೆತ್ತಿ ಚಕ್ರಕ್ಕೆ ಕೊಟ್ಟಳು.

“ಗೂಡಿನ ಮೇಲೆ ಕೂತಿದ್ದೀಯಲ್ಲೋ, ನಜ್ಜಾಗ್ತದೆ. ಏಳು.”